ಡಿಎನ್‌ಎಗೆ ವರಸೆ ಗೊತ್ತಿಲ್ಲ

ಹೋದ ದೀಪಾವಳಿಗೆ ದಾವಣಗೆರೆಗೆ ಬಂದಿದ್ದ ನನ್ನ ಚಿಕ್ಕಮ್ಮನ ಮಗ, ಊಟ ಮುಗಿದ ಮೇಲೆ ನನ್ನನ್ನು ಮಹಡಿಗೆ ಕರೆದುಕೊಂಡು ಹೋಗಿ ಫೋನ್ ಕೈಗೆ ಕೊಟ್ಟ. ಅಮೆರಿಕದಲ್ಲಿ ಕೆಲಸಕ್ಕಿದ್ದಾಗ ಪುಟ್ಟ ಕೊಳವೆಯಲ್ಲಿ ಎಂಜಲು ತುಂಬಿ ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿದ್ದ. ಕಂಪನಿ ತೋರಿಸಿದ ಸಂಬಂಧಿಕರ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ನ್ಯೂಜೆರ್ಸಿಯ ಒಬ್ಬ ಹುಡುಗಿಯ ಹೆಸರಿತ್ತು. ಇಬ್ಬರ ಡಿಎನ್‌ಎ ಶೇ 6ಕ್ಕೂ ಸ್ವಲ್ಪ ಜಾಸ್ತಿ ಹೊಂದುತ್ತಿತ್ತು. ಪಕ್ಕದಲ್ಲೇ ಕಂಪನಿಯ ಊಹೆ: 'ಹಾಫ್ ಕಸಿನ್' ಇರಬಹುದು. ಅಂದರೆ ಇಬ್ಬರಿಗೂ ಅಜ್ಜ ಒಬ್ಬರೇ, ಅಜ್ಜಿ ಬೇರೆ ಬೇರೆ.

"ಅಕ್ಕಾ, ಅಜ್ಜನಿಗೆ ಇನ್ನೊಂದು ಸಂಸಾರ ಇತ್ತಾ?" ಅಂತ ಕೇಳಿದ. ಮೂರು ವಾರದಿಂದ ಯಾರಿಗೂ ಹೇಳದೆ ಒಬ್ಬನೇ ಒದ್ದಾಡಿದ್ದಾನೆ. ಅವನ ಅಮ್ಮನ ಹತ್ತಿರ ಈ ಮಾತು ಎತ್ತುವ ಹಾಗೇ ಇರಲಿಲ್ಲ. ತೀರಿಕೊಂಡ ಅಪ್ಪನ ಫೋಟೊಗೆ ದಿನಾ ಹೂವು ಇಡುವ ಮಗಳು ಆಕೆ.

ಮಾರನೇ ದಿನ ಇಬ್ಬರೂ ಜಗಳೂರಿಗೆ ಹೋದೆವು. ಅಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ, ಎಂಬತ್ತು ದಾಟಿದೆ. ಡಿಎನ್‌ಎ ಸುದ್ದಿ ಎತ್ತದೆ, ಆ ಹುಡುಗಿ ಬರೆದು ಕಳಿಸಿದ್ದ ಅಜ್ಜನ ಹೆಸರನ್ನೂ ಹರಪನಹಳ್ಳಿ ಕಡೆಯ ಒಂದು ಊರಿನ ಹೆಸರನ್ನೂ ಹೇಳಿದೆವು. ದೊಡ್ಡಮ್ಮ ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. "ನಮ್ಮ ಚಿಕ್ಕಪ್ಪ ಅಲ್ವೇನೋ ಅವನು! ಅವನ ಮಗ ಬೊಂಬಾಯಿಗೆ ಹೋದ. ನಮ್ಮಪ್ಪ, ಚಿಕ್ಕಪ್ಪ ಅಣ್ಣತಮ್ಮಂದ್ರು. ನಮ್ಮವ್ವ, ಚಿಕ್ಕವ್ವ ಸ್ವಂತ ಅಕ್ಕತಂಗೇರು. ಇಬ್ಬರನ್ನೂ ಒಂದೇ ಮನೆಗೆ ಕೊಟ್ಟಿದ್ರು. ಇದ್ರಾಗೆ ಮುಚ್ಚಿಡೋದು ಏನೈತೆ?"

ಮೂರು ವಾರದ ಸಂಕಟ ಮೂರು ನಿಮಿಷದಲ್ಲಿ ಕರಗಿತು. ಆದರೆ ನನಗೆ ಅಂದಿನಿಂದ ಇದೇ ಯೋಚನೆ. ನಮ್ಮ ಕಡೆಯ ಎಷ್ಟೋ ಮನೆಗಳ ಮಕ್ಕಳು ಈಗ ಇಂಥ ಪರೀಕ್ಷೆ ಮಾಡಿಸುತ್ತಿದ್ದಾರೆ. ಎಲ್ಲರ ಮನೆಯಲ್ಲೂ ಒಬ್ಬ ದೊಡ್ಡಮ್ಮ ಇನ್ನೂ ಇರಬೇಕಲ್ಲ? ಈ ಪರೀಕ್ಷೆ ಏನು ಹೇಳಬಲ್ಲದು, ಏನು ಹೇಳಲಾರದು, ನಮ್ಮ ಮನೆಗಳ ವಿಷಯದಲ್ಲಿ ಎಲ್ಲಿ ದಾರಿ ತಪ್ಪಿಸುತ್ತದೆ ಅನ್ನುವುದನ್ನು ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಎಷ್ಟು ಅಂತ ಗೊತ್ತು, ಯಾರು ಅಂತ ಗೊತ್ತಿಲ್ಲ

ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಅದರಲ್ಲಿ ಬಹುಪಾಲು ಎಲ್ಲರಲ್ಲೂ ಒಂದೇ. ಹಾಗಾಗಿ ಮನೆಗೆ ಕಿಟ್ ಕಳಿಸುವ ಕಂಪನಿಗಳು ಪೂರ್ತಿ ಓದುವುದಿಲ್ಲ. ಜನರಿಂದ ಜನರಿಗೆ ವ್ಯತ್ಯಾಸ ಇರುವ ಆರೇಳು ಲಕ್ಷ ಜಾಗಗಳನ್ನು ಮಾತ್ರ ನೋಡುತ್ತವೆ. ಆಮೇಲೆ ತಮ್ಮಲ್ಲಿರುವ ಉಳಿದ ಗಿರಾಕಿಗಳ ಜೊತೆ ಹೋಲಿಸಿ, ಎಲ್ಲೆಲ್ಲಿ ಉದ್ದುದ್ದ ತುಂಡುಗಳು ಒಂದೇ ಥರ ಇವೆ ಅಂತ ಲೆಕ್ಕ ಹಾಕುತ್ತವೆ.

ಲೆಕ್ಕದ ತಳಹದಿ ಸರಳ. ಅರ್ಧ ಡಿಎನ್‌ಎ ಅಪ್ಪನಿಂದ, ಅರ್ಧ ಅಮ್ಮನಿಂದ. ಒಡಹುಟ್ಟಿದವರ ನಡುವೆ ಸರಾಸರಿ ಅರ್ಧ ಹೊಂದುತ್ತದೆ. ಅಜ್ಜ ಮೊಮ್ಮಕ್ಕಳ ನಡುವೆ ಶೇ 25. ಅಪ್ಪನ ಅಣ್ಣತಮ್ಮಂದಿರ ಮಕ್ಕಳ ಜೊತೆ, ಅಮ್ಮನ ಅಕ್ಕತಂಗಿಯರ ಮಕ್ಕಳ ಜೊತೆ ಶೇ 12.5. ಅಜ್ಜಂದಿರೋ ಅಜ್ಜಿಯರೋ ಒಡಹುಟ್ಟಿದವರಾಗಿದ್ದರೆ ಆ ಮೊಮ್ಮಕ್ಕಳ ನಡುವೆ ಶೇ 3ರ ಆಸುಪಾಸು. ನನ್ನ ತಮ್ಮನಿಗೂ ನ್ಯೂಜೆರ್ಸಿಯ ಹುಡುಗಿಗೂ ಹೊಂದಬೇಕಿದ್ದದ್ದು ಅಷ್ಟೇ. ಆದರೆ ಇಬ್ಬರ ಅಜ್ಜಂದಿರೂ ಅಣ್ಣತಮ್ಮ, ಅಜ್ಜಿಯರೂ ಅಕ್ಕತಂಗಿ. ಎರಡು ಕಡೆಯಿಂದಲೂ ಸೇರಿ ಶೇ 6.25 ಆಯಿತು. ಅಜ್ಜ ಒಬ್ಬರೇ ಆಗಿ ಅಜ್ಜಿ ಬೇರೆಯಾಗಿದ್ದರೂ ಬರುವ ಅಂಕಿ ಸರಿಯಾಗಿ ಅದೇ, ಶೇ 6.25. ಕಂಪನಿ ಸುಳ್ಳು ಹೇಳಲಿಲ್ಲ. ಅದಕ್ಕೆ ಅಂಕಿ ಮಾತ್ರ ಗೊತ್ತಿತ್ತು, ಮನೆ ಗೊತ್ತಿರಲಿಲ್ಲ.

ಇಂಥ ಗೊಂದಲ ಅಪರೂಪವೇನೂ ಅಲ್ಲ. ಶೇ 25 ಅನ್ನುವ ಒಂದೇ ಅಂಕಿಯ ಹಿಂದೆ ಎಷ್ಟು ಜನ ನಿಂತಿರಬಹುದು ನೋಡಿ. ಅಜ್ಜ ಇರಬಹುದು, ಸೋದರಮಾವ ಇರಬಹುದು, ಚಿಕ್ಕಪ್ಪ ಇರಬಹುದು, ಒಬ್ಬನೇ ಅಪ್ಪನ ಬೇರೆ ತಾಯಿಯ ಮಕ್ಕಳಿರಬಹುದು. ನಮ್ಮ ಕಡೆ ಹೆಣ್ಣು ಕೊಟ್ಟು ಹೆಣ್ಣು ತಂದುಕೊಳ್ಳುವ ಮದುವೆಗಳಿವೆ. ಅಣ್ಣತಂಗಿ ಇಬ್ಬರೂ ಇನ್ನೊಂದು ಮನೆಯ ಅಣ್ಣತಂಗಿಯನ್ನು ಮದುವೆಯಾದರೆ, ಆ ಎರಡು ಜೋಡಿಯ ಮಕ್ಕಳ ನಡುವೆಯೂ ಅದೇ ಶೇ 25. ಕಂಪನಿ ವಯಸ್ಸು ನೋಡಿ ಒಂದು ಅಂದಾಜು ಮಾಡುತ್ತದೆ, ಅಷ್ಟೇ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಇಂಗ್ಲಿಷಿನಲ್ಲಿ 'ಕಸಿನ್' ಅಂದರೆ ಮುಗಿಯಿತು. ಕನ್ನಡದಲ್ಲಿ ಹಾಗಲ್ಲ. ದೊಡ್ಡಪ್ಪನ ಮಗಳು ನಮಗೆ ಅಕ್ಕ ಅಥವಾ ತಂಗಿ. ಸೋದರಮಾವನ ಮಗಳು ವರಸೆಯಲ್ಲಿ ಹೆಂಡತಿಯಾಗಬಹುದಾದವಳು. ಒಬ್ಬಳ ಜೊತೆ ಮದುವೆ ಅನ್ನುವ ಮಾತನ್ನು ಬಾಯಲ್ಲಿ ಆಡುವ ಹಾಗಿಲ್ಲ, ಇನ್ನೊಬ್ಬಳ ಜೊತೆ ಮದುವೆಗೆ ಮನೆಯವರೇ ಮುಂದೆ ನಿಲ್ಲುತ್ತಾರೆ. ಡಿಎನ್‌ಎ ಕಣ್ಣಲ್ಲಿ ಇಬ್ಬರೂ ಶೇ 12.5. ನಮ್ಮ ಹಿರಿಯರು ಒಂದೊಂದು ಸಂಬಂಧಕ್ಕೂ ಬೇರೆ ಬೇರೆ ಹೆಸರಿಟ್ಟು ಜೋಪಾನ ಮಾಡಿದ್ದಾರೆ. ಯಾರ ಕಡೆಯಿಂದ, ಯಾವ ದಾರಿಯಿಂದ ಸಂಬಂಧ ಬಂತು ಅನ್ನುವುದು ಆ ಹೆಸರಲ್ಲೇ ಇದೆ. ಪರೀಕ್ಷೆಯ ವರದಿ ಆ ಎಲ್ಲ ಹೆಸರುಗಳನ್ನೂ ಒಂದೇ ಅಂಕಿಗೆ ಇಳಿಸಿಬಿಡುತ್ತದೆ.

ನಮ್ಮ ಮದುವೆಗಳು, ಅವರ ಲೆಕ್ಕ

ಕಂಪನಿಗಳ ಲೆಕ್ಕದ ಒಳಗೆ ಒಂದು ನಂಬಿಕೆ ಅಡಗಿದೆ. ಅಪ್ಪನ ಕಡೆಯವರಿಗೂ ಅಮ್ಮನ ಕಡೆಯವರಿಗೂ ಮೊದಲಿನಿಂದ ಸಂಬಂಧ ಇರುವುದಿಲ್ಲ ಅನ್ನುವ ನಂಬಿಕೆ. ಅವರ ಗಿರಾಕಿಗಳಲ್ಲಿ ಹೆಚ್ಚಿನವರು ಅಮೆರಿಕ, ಯುರೋಪ್ ಮೂಲದವರು. ಅಲ್ಲಿಗೆ ಅದು ಬಹುಮಟ್ಟಿಗೆ ಸರಿಹೋಗುತ್ತದೆ. ಇಲ್ಲಿ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ನಡೆದದ್ದು 2019–21ರಲ್ಲಿ. ಅದರ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ರಕ್ತಸಂಬಂಧದಲ್ಲೇ ಮದುವೆಯಾದವರು. ನಮ್ಮ ಅಜ್ಜಅಜ್ಜಿಯರ ಕಾಲದಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು, ಅತ್ತೆ ಮಗನಿಗೆ ಕೊಡುವುದು ಇನ್ನೂ ಸಾಮಾನ್ಯವಾಗಿತ್ತು. ಹೊಲ ಒಡೆಯಬಾರದು, ಹುಡುಗಿ ಗೊತ್ತಿಲ್ಲದ ಮನೆಗೆ ಹೋಗಿ ಕಷ್ಟಪಡಬಾರದು ಅಂತ ಲೆಕ್ಕ ಹಾಕುತ್ತಿದ್ದರು. ಅದರ ಪರಿಣಾಮ ಮಕ್ಕಳ ಡಿಎನ್‌ಎಯಲ್ಲಿ ಉಳಿಯುತ್ತದೆ. ಅತ್ತೆ ಮಗನನ್ನೋ ಮಾವನ ಮಗನನ್ನೋ ಮದುವೆಯಾದವಳ ಮಕ್ಕಳಿಗೆ ಎಂಟು ಜನ ಮುತ್ತಜ್ಜಮುತ್ತಜ್ಜಿಯರ ಬದಲು ಆರೇ ಜನ. ಸೋದರಮಾವನನ್ನು ಮದುವೆಯಾದವಳ ಮಕ್ಕಳಿಗೆ, ಅಪ್ಪನ ಅಪ್ಪಅಮ್ಮಂದಿರೇ ಅಮ್ಮನ ಅಜ್ಜಅಜ್ಜಿಯೂ ಹೌದು. ಎರಡು ದಾರಿಯಲ್ಲಿ ಒಂದೇ ರಕ್ತ ಬಂದು ಸೇರುತ್ತದೆ. ಇಂಥ ಮನೆಯವರು ಪರೀಕ್ಷೆ ಮಾಡಿಸಿದರೆ ದೂರದ ನೆಂಟರೂ ಹತ್ತಿರದವರ ಹಾಗೆ ಕಾಣುತ್ತಾರೆ.

ಮನೆಯೊಳಗಿನ ಮದುವೆ ಇಲ್ಲದವರೂ ಇದರಿಂದ ಪೂರ್ತಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಜಾತಿಯೊಳಗೇ ಮದುವೆ ಅನ್ನುವ ಕಟ್ಟು ಇದೆಯಲ್ಲ, ಅದು ಬಹಳ ಹಳೆಯದು. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳೂ ಅಮೆರಿಕದ ಹಾರ್ವರ್ಡ್‌ನವರೂ ಸೇರಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದು ಇದು: ಸುಮಾರು 4,200 ವರ್ಷದಿಂದ 1,900 ವರ್ಷದ ಹಿಂದಿನವರೆಗೆ ಈ ನೆಲದಲ್ಲಿ ಬೇರೆ ಬೇರೆ ಜನ ಧಾರಾಳವಾಗಿ ಬೆರೆತರು, ಆಮೇಲೆ ಆ ಬೆರಕೆ ನಿಲ್ಲುತ್ತಾ ಬಂತು. 2017ರಲ್ಲಿ ಬಂದ ಇನ್ನೊಂದು ಅಧ್ಯಯನ 260ಕ್ಕೂ ಹೆಚ್ಚು ಗುಂಪುಗಳನ್ನು ನೋಡಿತು. ಅವುಗಳಲ್ಲಿ 81 ಗುಂಪುಗಳು ಕೆಲವೇ ಪೂರ್ವಜರಿಂದ ಬೆಳೆದು, ತಮ್ಮೊಳಗೇ ಮದುವೆಯಾಗುತ್ತಾ ಬಂದವು ಅನ್ನುವುದು ಸ್ಪಷ್ಟವಾಗಿ ಕಂಡಿತು. ಒಂದೇ ಜಾತಿಯ ಇಬ್ಬರು, ಒಬ್ಬರು ಹೊಳಲ್ಕೆರೆಯವರು ಇನ್ನೊಬ್ಬರು ಹರಿಹರದವರು, ಯಾವ ನೆಂಟಸ್ತಿಕೆಯೂ ಗೊತ್ತಿಲ್ಲ. ಆದರೂ ಪಟ್ಟಿಯಲ್ಲಿ ಒಬ್ಬರಿಗೊಬ್ಬರು ಸಂಬಂಧಿಕರಾಗಿ ಕಾಣಬಹುದು. ಅದು ಒಬ್ಬ ಮುತ್ತಜ್ಜನಿಂದ ಬಂದದ್ದೇ ಆಗಬೇಕಿಲ್ಲ. ಹತ್ತಿಪ್ಪತ್ತು ಹಳೇ ಪೂರ್ವಜರಿಂದ ಚೂರುಚೂರಾಗಿ ಬಂದು ಕೂಡಿಕೊಂಡದ್ದಿರಬಹುದು. ಹೊಂದುವ ಭಾಗ ಒಟ್ಟು ಎಷ್ಟು ಅನ್ನುವುದಕ್ಕಿಂತ, ಅದು ಕೆಲವು ಉದ್ದ ತುಂಡುಗಳಾಗಿದೆಯೋ ಅಥವಾ ತುಂಬಾ ಸಣ್ಣ ಚೂರುಗಳಾಗಿದೆಯೋ ಅಂತ ನೋಡಬೇಕು. ಉದ್ದ ತುಂಡಿದ್ದರೆ ಸಂಬಂಧ ಇತ್ತೀಚಿನದು.

ಈ ಒಳಮದುವೆಯ ಇತಿಹಾಸ ಸುಮ್ನೆ ಕುತೂಹಲದ ವಿಷಯ ಅಂತ ಬಿಡುವ ಹಾಗಿಲ್ಲ. ವೈಶ್ಯ ಸಮುದಾಯದ ಕೆಲವರ ದೇಹದಲ್ಲಿ ಒಂದು ಕಿಣ್ವ ಕಡಿಮೆ ಇರುತ್ತದೆ. ಆಪರೇಷನ್‌ಗೆ ಮುಂಚೆ ಸ್ನಾಯು ಸಡಿಲವಾಗಲಿ ಅಂತ ಕೊಡುವ ಕೆಲವು ಔಷಧಿಗಳ ಪ್ರಭಾವ ಅವರಲ್ಲಿ ಬೇಗ ಇಳಿಯುವುದಿಲ್ಲ, ಉಸಿರಾಟಕ್ಕೇ ತೊಂದರೆಯಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ ಅದು ಎಲ್ಲ ನೆಂಟರಿಗೂ ಗೊತ್ತಿರಬೇಕು, ಅರಿವಳಿಕೆ ಕೊಡುವ ವೈದ್ಯರಿಗೆ ಮೊದಲೇ ಹೇಳಬೇಕು. ವಂಶದ ಚರಿತ್ರೆ ಜೀವ ಉಳಿಸುವುದು ಇಂಥ ಕಡೆ.

ನಮ್ಮ ಜನರ ಡಿಎನ್‌ಎ ಬಗ್ಗೆ ನಮ್ಮಲ್ಲೇ ಮಾಹಿತಿ ಕಡಿಮೆ ಇತ್ತು. ಈಗ ಸ್ವಲ್ಪ ಬದಲಾಗುತ್ತಿದೆ. 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆಯ ಮುಂದಾಳತ್ವ ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನದು. ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಎರಡನೇ ಕ್ಯಾಂಪಸ್ ಇದೆಯಲ್ಲ, ಅದೇ ಐಐಎಸ್‌ಸಿ. ದೇಶದ 83 ಜನಸಮುದಾಯಗಳಿಂದ ಸುಮಾರು 10 ಸಾವಿರ ಜನರ ಪೂರ್ತಿ ಜೀನೋಮ್, ಅಂದರೆ ಡಿಎನ್‌ಎಯ ಅಷ್ಟೂ ಅಕ್ಷರಗಳನ್ನು ಓದಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟರು. ಇದು ಆರೋಗ್ಯದ ಸಂಶೋಧನೆಗೆ. ನಮ್ಮ ಮುತ್ತಜ್ಜನನ್ನು ಇದರಲ್ಲಿ ಹುಡುಕಲು ಆಗುವುದಿಲ್ಲ.

ನಾವು ದುರ್ಗದ ನಾಯಕರ ವಂಶದವರಾ?

ಚಿತ್ರದುರ್ಗದ ಕಡೆ ಈ ಪ್ರಶ್ನೆ ನಾನು ಎಷ್ಟೋ ಸಲ ಕೇಳಿದ್ದೇನೆ. ಡಿಎನ್‌ಎ ಮಾಡಿಸಿದರೆ ಗೊತ್ತಾಗುತ್ತದಲ್ವಾ ಅಂತ ಈಗ ಕೇಳುತ್ತಾರೆ. ಕೊನೆಯ ಮದಕರಿ ನಾಯಕರ ಕೈಯಿಂದ ಕೋಟೆ ಹೈದರಾಲಿಗೆ ಹೋದದ್ದು 1779ರಲ್ಲಿ. ಈಗಿನವರಿಗೆ ಸುಮಾರು ಒಂಬತ್ತು ತಲೆಮಾರು ಹಿಂದೆ. ಒಂಬತ್ತು ತಲೆಮಾರು ಹಿಂದೆ ಹೋದರೆ ಪ್ರತಿಯೊಬ್ಬರಿಗೂ 512 ಪೂರ್ವಜರ ಜಾಗ ಇದೆ. ಒಬ್ಬೊಬ್ಬರಿಂದ ಬರುವ ಪಾಲು ಸರಾಸರಿ ಶೇ 0.2. ಎಷ್ಟೋ ಪೂರ್ವಜರಿಂದ ಒಂದು ಚೂರೂ ನಮ್ಮವರೆಗೆ ಬಂದಿರುವುದಿಲ್ಲ. ಅವರು ನಮ್ಮ ಪೂರ್ವಜರು ಹೌದು, ಅವರ ಡಿಎನ್‌ಎ ಮಾತ್ರ ನಮ್ಮಲ್ಲಿಲ್ಲ.

ಗಂಡಸರಲ್ಲಿರುವ ವೈ ಕ್ರೋಮೋಸೋಮಿನ ಕಥೆ ಬೇರೆ. ಅದು ಅಪ್ಪನಿಂದ ಮಗನಿಗೆ ಹೆಚ್ಚುಕಡಿಮೆ ಹಾಗೇ ಇಳಿಯುತ್ತದೆ. ನಮ್ಮ ಬೆಡಗು (ಗೋತ್ರದಂಥದು) ಇಳಿಯುವ ದಾರಿಯೂ ಅದೇ. ಒಂದು ಬೆಡಗಿನವರೆಲ್ಲ ಒಬ್ಬನೇ ಮೂಲಪುರುಷನ ಮಕ್ಕಳು ಅಂತ ಹೇಳುವುದು ರೂಢಿ, ಅದಕ್ಕೇ ಬೆಡಗಿನೊಳಗೆ ಮದುವೆ ಇಲ್ಲ. ಒಂದೇ ಬೆಡಗಿನ ನಾಲ್ಕು ಊರಿನ ನಾಲ್ಕು ಗಂಡಸರು ವೈ ಪರೀಕ್ಷೆ ಮಾಡಿಸಿದರೆ ಈ ಮಾತು ರಕ್ತದಲ್ಲೂ ನಿಜವೇ ಅಂತ ನೋಡಬಹುದು. ಆದರೆ ಹೊಂದದೇ ಹೋದರೆ ಯಾರನ್ನೂ ಹೊರಗಿನವರು ಅನ್ನಬಾರದು. ಗಂಡು ಮಕ್ಕಳಿಲ್ಲದ ಮನೆಗೆ ದತ್ತು ಬಂದವರಿದ್ದಾರೆ. ಮನೆಅಳಿಯರಾಗಿ ಬಂದು ಆ ಮನೆಯ ಹೆಸರನ್ನೇ ಉಳಿಸಿದವರಿದ್ದಾರೆ. ಬರದಲ್ಲಿ ಅನಾಥವಾದ ಮಗುವನ್ನು ತಮ್ಮದೇ ಅಂತ ಸಾಕಿದವರಿದ್ದಾರೆ. ಮನೆದೇವರ ಮುಂದೆ ಅವರೂ ಅದೇ ಬೆಡಗಿನವರಾಗಿ ನಿಂತರು.

ಈ ಸೀಮೆಯ ವಂಶಗಳು ಕಡಿದುಹೋಗಲು ದೊಡ್ಡ ದೊಡ್ಡ ಕಾರಣಗಳಿವೆ. ಕೋಟೆ ಬಿದ್ದ ಮೇಲೆ ಸುಮಾರು 20 ಸಾವಿರ ಬೇಡ ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು ಅಂತ ಹಳೇ ಮೈಸೂರು ಗೆಜೆಟಿಯರ್ ಹೇಳುತ್ತದೆ. ಸುಮಾರು ನೂರು ವರ್ಷದ ಮೇಲೆ ಧಾತು, ಈಶ್ವರ ಸಂವತ್ಸರಗಳ ಬರ ಬಂತು, 1876ರಿಂದ 78ರವರೆಗೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ಜನರಿದ್ದರು. 1881ರಲ್ಲಿ ಎಣಿಸಿದಾಗ ಉಳಿದಿದ್ದವರು ಸುಮಾರು 42 ಲಕ್ಷ. ಎಷ್ಟೋ ಮನೆಗಳ ನೆನಪು 'ದೊಡ್ಡ ಬರದಾಗೆ ಈ ಊರಿಗೆ ಬಂದ್ವಿ' ಅನ್ನುವಲ್ಲಿಗೆ ನಿಲ್ಲುತ್ತದೆ. ಅದಕ್ಕೂ ಹಿಂದಿನ ಊರು ಯಾವುದು ಅಂತ ಡಿಎನ್‌ಎ ಹೇಳುವುದಿಲ್ಲ. ಕಂಪನಿಗಳು ಕೊಡುವ 'ದಕ್ಷಿಣ ಭಾರತ ಇಷ್ಟು ಶೇಕಡ' ಅನ್ನುವ ನಕ್ಷೆ, ಅವರ ಹತ್ತಿರ ಈಗ ಇರುವ ಮಾದರಿಗಳ ಜೊತೆ ಮಾಡಿದ ಹೋಲಿಕೆ. ಮಾದರಿ ಬದಲಾದರೆ ಶೇಕಡವೂ ಬದಲಾಗುತ್ತದೆ. ನಮ್ಮ ಎಂಜಲು ಮಾತ್ರ ಅದೇ ಇರುತ್ತದೆ.

ಹೆಸರಿಲ್ಲದ ಅಜ್ಜಿಯರು

ಇಷ್ಟೆಲ್ಲ ಹೇಳಿದ ಮೇಲೆ ಪರೀಕ್ಷೆಯೇ ಬೇಡ ಅಂತೀನಾ? ಇಲ್ಲ. ಕೆಲವರಿಗೆ ಇದೊಂದೇ ದಾರಿ.

ಹಸುಗೂಸಾಗಿದ್ದಾಗ ದತ್ತು ಹೋಗಿ ಯುರೋಪಿನಲ್ಲೋ ಅಮೆರಿಕದಲ್ಲೋ ಬೆಳೆದವರಿದ್ದಾರೆ. ಹೆತ್ತವರನ್ನು ಹುಡುಕಲು ದತ್ತು ನಿಯಮಗಳಲ್ಲೇ ಅವಕಾಶ ಇದೆ. ಆದರೆ ಕಡತದಲ್ಲಿ ಹೆಸರೇ ಬರೆದಿರದಿದ್ದರೆ ಏನು ಮಾಡುವುದು? ಅಂಥವರಿಗೆ ಪಟ್ಟಿಯಲ್ಲಿ ಶೇ 12ರ ಒಬ್ಬ ನೆಂಟ ಸಿಕ್ಕರೂ ಅದು ದೊಡ್ಡದು.

ಇನ್ನೊಂದು, ನಮ್ಮ ಪಕ್ಕದಲ್ಲೇ ಇರುವ ನೋವು. ದಾವಣಗೆರೆಗೆ ಹತ್ತಿರದ ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರಾಗಿ ಬಿಡುತ್ತಿದ್ದ ಪದ್ಧತಿ ಎಲ್ಲರಿಗೂ ಗೊತ್ತು. 1982ರಲ್ಲೇ ಕಾನೂನು ಅದನ್ನು ನಿಷೇಧಿಸಿತು. ಆದರೆ ಆ ತಾಯಂದಿರ ಮಕ್ಕಳು ಶಾಲೆಯ ಅರ್ಜಿಯಿಂದ ಹಿಡಿದು ಎಲ್ಲ ಕಡೆ ಅಪ್ಪನ ಹೆಸರಿನ ಖಾಲಿ ಜಾಗದ ಮುಂದೆ ತಲೆತಗ್ಗಿಸಿ ನಿಲ್ಲಬೇಕಾಯಿತು. 2025ರಲ್ಲಿ ರಾಜ್ಯದ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಮಸೂದೆ ಅಪ್ಪನ ಹೆಸರು ಕಡ್ಡಾಯ ಅನ್ನುವುದನ್ನು ತೆಗೆಯುತ್ತದೆ. ಬೇಕು ಅನ್ನುವ ಮಕ್ಕಳು ನ್ಯಾಯಾಲಯದ ಮೂಲಕ ಡಿಎನ್‌ಎ ಪರೀಕ್ಷೆ ಮಾಡಿಸಿ ಅಪ್ಪ ಯಾರೆಂದು ಸಾಬೀತು ಮಾಡಲು, ಆಸ್ತಿಯ ಹಕ್ಕು ಕೇಳಲು ದಾರಿ ಕೊಡುತ್ತದೆ. ಹೆಸರನ್ನು ಬಚ್ಚಿಟ್ಟುಕೊಂಡು ಓಡಾಡಿದ ಗಂಡಸರನ್ನು ಹಿಡಿದು ನಿಲ್ಲಿಸುವ ಶಕ್ತಿ ಈ ಪರೀಕ್ಷೆಗಿದೆ. ಅದನ್ನು ನಾನು ಮನಸಾರೆ ಒಪ್ಪುತ್ತೇನೆ.

ಆದರೆ ಮನೆಗೆ ತರಿಸಿದ ಕಿಟ್‌ನ ವರದಿ ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ಮಾದರಿ ಯಾರದು, ಯಾರು ತೆಗೆದರು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವುದಕ್ಕೆಲ್ಲ ದಾಖಲೆ ಬೇಕು. ಹೊಲದ ಜಗಳಕ್ಕೆ, ಗಂಡಹೆಂಡಿರ ಜಗಳಕ್ಕೆ ಮಕ್ಕಳ ಡಿಎನ್‌ಎ ತೆಗೆಸುತ್ತೇನೆ ಅಂದರೂ ನ್ಯಾಯಾಲಯ ಸುಲಭವಾಗಿ ಒಪ್ಪುವುದಿಲ್ಲ. ಮದುವೆಯಲ್ಲಿದ್ದಾಗ ಹುಟ್ಟಿದ ಮಗು ಆ ಗಂಡನದೇ ಅಂತ ಕಾನೂನು ಹಿಡಿಯುತ್ತದೆ. ಮಗುವನ್ನು ಇಂಥ ಪರೀಕ್ಷೆಗೆ ಸುಮ್ಮಸುಮ್ಮನೆ ಎಳೆಯಬಾರದು ಅಂತ ಸುಪ್ರೀಂ ಕೋರ್ಟ್ 2023ರಲ್ಲೂ ಹೇಳಿದೆ.

ಇನ್ನು ಅಜ್ಜಿಯರ ವಿಷಯ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿದವರಿಗೆ ಗೊತ್ತಿರುತ್ತದೆ. ಅದು ಖಾತೆಗಾಗಿ, ಪಹಣಿಗಾಗಿ ಮಾಡುವ ಮರ. ಹೊಲ ಯಾರಿಂದ ಯಾರಿಗೆ ಬಂತೋ ಆ ಹೆಸರುಗಳು ಅದರಲ್ಲಿರುತ್ತವೆ. 2005ರಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಬಂದ ಮೇಲೆ ಮಗಳ ಹೆಸರು ಬಿಡುವ ಹಾಗಿಲ್ಲ. ಅದಕ್ಕೂ ಹಿಂದಿನ ತಲೆಮಾರುಗಳಲ್ಲಿ ಹೆಣ್ಣಿನ ಹೆಸರು ಹುಡುಕಿದರೂ ಸಿಗುವುದು ಕಷ್ಟ. ನಿಮ್ಮ ಅಮ್ಮನ ಅಮ್ಮನ ಅಮ್ಮನ ಹೆಸರು ಏನು? ಒಂದು ನಿಮಿಷ ಓದುವುದು ನಿಲ್ಲಿಸಿ ಹೇಳಿ ನೋಡಿ. ನನಗೆ ಬರಲಿಲ್ಲ. ಆಕೆಯ ಮೈಟೊಕಾಂಡ್ರಿಯದ (ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗ) ಡಿಎನ್‌ಎ ಮಾತ್ರ ನನ್ನ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇದೆ. ಅದು ಅಮ್ಮನಿಂದ ಮಾತ್ರ ಬರುತ್ತದೆ, ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ. ಮುಂದಕ್ಕೆ ಕೊಡುವುದು ಹೆಣ್ಣು ಮಕ್ಕಳು ಮಾತ್ರ. ಯಾವ ಕಾಗದದಲ್ಲೂ ಇಲ್ಲದ ಒಂದು ಸಾಲು, ತವರಿನಿಂದ ತವರಿಗೆ ಹಿಂದೆ ಹಿಂದೆ ಹೋಗುವ ಸಾಲು, ಮೈಯಲ್ಲಿ ಉಳಿದಿದೆ. ಆದರೆ ಮೈಟೊಕಾಂಡ್ರಿಯ ಬದಲಾಗುವುದು ಬಹಳ ನಿಧಾನ. ಇಬ್ಬರದು ಹೊಂದಿದರೂ ಅವರ ಅಜ್ಜಿ ಒಬ್ಬಳಾಗಿದ್ದದ್ದು ಸಾವಿರಾರು ವರ್ಷ ಹಿಂದೆ ಇರಬಹುದು. ಹೆಸರು ಅದರಿಂದ ಬರುವುದಿಲ್ಲ. ಹೆಸರು ಬೇಕಾದರೆ ದೊಡ್ಡಮ್ಮನನ್ನೇ ಕೇಳಬೇಕು.

ಮೊದಲು ಕೇಳಬೇಕಾದವರು

ಹೆಳವರನ್ನು ನೋಡಿದ್ದೀರಾ? ಸುಗ್ಗಿ ಮುಗಿದ ಮೇಲೆ ಸಿಂಗಾರ ಮಾಡಿದ ಎತ್ತಿನ ಮೇಲೆ, ಈಗೀಗ ಬೈಕಿನಲ್ಲೂ, ಒಕ್ಕಲು ಮನೆಗಳಿಗೆ ಬಂದು ಆ ಮನೆಯ ವಂಶಾವಳಿ ಹೇಳುವವರು. ಮೂಲ ಊರು ಯಾವುದು, ಅಲ್ಲಿಂದ ಯಾಕೆ ಬಿಟ್ಟು ಬಂದರು, ಯಾರಿಗೆ ಎಷ್ಟು ಮಕ್ಕಳು, ಮನೆದೇವರು ಯಾವುದು ಎಲ್ಲ ಹಾಡಿನ ಹಾಗೆ ಬರುತ್ತದೆ. ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳು, ಬಟ್ಟೆ, ಕಾಣಿಕೆ ತಗೊಂಡು ಹೋಗುತ್ತಾರೆ. ಅವರ ಪುಸ್ತಕದಲ್ಲೂ ಗಂಡು ಸಂತಾನದ ಸಾಲೇ ಮುಖ್ಯ, ಎಲ್ಲ ಜಾತಿಯ ಮನೆಗಳೂ ಅದರಲ್ಲಿಲ್ಲ. ಆದರೂ ನ್ಯೂಜೆರ್ಸಿಯ ಹುಡುಗಿಯಂಥ ಒಂದು ಹೊಂದಿಕೆ ಸಿಕ್ಕಾಗ ಅದಕ್ಕೆ ಹೆಸರು, ಊರು ಕೊಡಬಲ್ಲವರು ಇವರೇ. ಹೆಳವರ ಮಕ್ಕಳು ಈ ಕಸುಬು ಬಿಡುತ್ತಿದ್ದಾರೆ. ಮುಂದಿನ ಸಲ ಬಂದರೆ ಐವತ್ತು ರೂಪಾಯಿ ಕೊಟ್ಟು ಸಾಗಹಾಕಬೇಡಿ. ಕೂರಿಸಿ, ಪೂರ್ತಿ ಹೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಮನೆದೇವರೂ ಒಂದು ದಾಖಲೆ. ದಾವಣಗೆರೆಯಲ್ಲಿ ಮೂರು ತಲೆಮಾರಿನಿಂದ ಇರುವ ಮನೆಯವರು ಮೈಲಾರಕ್ಕೋ, ದೇವರಗುಡ್ಡಕ್ಕೋ, ಕೊಟ್ಟೂರಿಗೋ, ನಾಯಕನಹಟ್ಟಿಗೋ ಹರಕೆ ಒಪ್ಪಿಸಲು ಹೋಗುತ್ತಾರೆ. ಹಿರಿಯರು ಹೊರಟು ಬಂದ ದಿಕ್ಕಿನ ಸುಳಿವು ಎಷ್ಟೋ ಸಲ ಅದರಲ್ಲಿರುತ್ತದೆ. ದಾವಣಗೆರೆ ಹತ್ತಿ ಮಿಲ್ಲುಗಳ ಊರಾಗಿ ಬೆಳೆದಾಗ ಕೂಲಿಗೆ, ವ್ಯಾಪಾರಕ್ಕೆ ಸುತ್ತಲಿಂದ ಬಂದ ಮನೆಗಳು ಇಲ್ಲಿ ತುಂಬಾ ಇವೆ. ಸೂತಕ ಹಿಡಿಯುವ ಮನೆಗಳಲ್ಲಿ, ಸಾವಾದಾಗ ಯಾರ್ಯಾರಿಗೆ ಸೂತಕ ಅನ್ನುವುದನ್ನು ಕೇಳಿದರೆ ದಾಯಾದಿಗಳ ಪಟ್ಟಿ ತಾನಾಗೇ ಸಿಗುತ್ತದೆ.

ಕಾಗದ ಹುಡುಕುವವರು ಜಿಲ್ಲೆಯ ಗಡಿ ನೆನಪಿಟ್ಟುಕೊಳ್ಳಬೇಕು. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕೂ ಮೊದಲು ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿ. ಹರಪನಹಳ್ಳಿ ಬಳ್ಳಾರಿಗೆ ಸೇರಿತ್ತು, ಬಳ್ಳಾರಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಈಗ ಹರಪನಹಳ್ಳಿ ವಿಜಯನಗರ ಜಿಲ್ಲೆಗೆ ಹೋಗಿದೆ. ನಮ್ಮ ಚಿಕ್ಕಜ್ಜನ ಹೊಲದ ಹಳೇ ಕಾಗದ ಹುಡುಕಬೇಕಾದರೆ ನಾನು ಜಗಳೂರಿನ ಕಚೇರಿಯಲ್ಲಿ ನಿಂತು ಪ್ರಯೋಜನವಿಲ್ಲ. ತಾಲೂಕು ಕಚೇರಿಗಳ ಹಳೇ ಕಡತಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ, ಒಳ್ಳೇ ಕೆಲಸ. ಹಳ್ಳಿ ಶಾಲೆಯ ದಾಖಲಾತಿ ಪುಸ್ತಕವನ್ನೂ ಮರೆಯಬೇಡಿ.

ಒಬ್ಬರ ಎಂಜಲು, ಎಲ್ಲರ ಗುಟ್ಟು

ಇಷ್ಟಾದ ಮೇಲೂ ಪರೀಕ್ಷೆ ಮಾಡಿಸುವವರು ಒಂದು ವಿಷಯ ಗಟ್ಟಿಯಾಗಿ ಯೋಚಿಸಬೇಕು. ಈ ಕಂಪನಿಗಳಲ್ಲಿ ಬಹಳ ಹೆಸರು ಮಾಡಿದ್ದು 23ಆಂಡ್‌ಮಿ. 2023ರಲ್ಲಿ ಕಳ್ಳರು ಅದರ ಸುಮಾರು 14 ಸಾವಿರ ಖಾತೆಗಳಿಗೆ ನುಗ್ಗಿದರು. ಆದರೆ ಮಾಹಿತಿ ಹೋದದ್ದು ಸುಮಾರು 69 ಲಕ್ಷ ಜನರದು. ಯಾಕೆಂದರೆ ಒಂದೊಂದು ಖಾತೆಯಿಂದಲೂ ಆ ವ್ಯಕ್ತಿಯ ಸಾವಿರಾರು ನೆಂಟರ ಪಟ್ಟಿ ಕಾಣುತ್ತಿತ್ತು. 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಒಂದೂವರೆ ಕೋಟಿ ಜನರ ಡಿಎನ್‌ಎ ಮಾಹಿತಿ ಯಾರ ಪಾಲಾಗುತ್ತದೋ ಅಂತ ಎಲ್ಲರೂ ಗಾಬರಿಯಾದರು. ಕೊನೆಗೆ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಆನ್ ವೊಜಿಸ್ಕಿ ಅವರ ಹೊಸ ಸಂಸ್ಥೆಯೇ 30.5 ಕೋಟಿ ಡಾಲರಿಗೆ ಕೊಂಡುಕೊಂಡಿತು. ಪಾಸ್‌ವರ್ಡ್ ಕಳೆದರೆ ಬದಲಾಯಿಸಬಹುದು. ಡಿಎನ್‌ಎ ಬದಲಾಯಿಸಲು ಆಗುತ್ತದಾ?

2018ರಲ್ಲಿ ಕ್ಯಾಲಿಫೋರ್ನಿಯದ ಪೊಲೀಸರು ಎಷ್ಟೋ ವರ್ಷಗಳಿಂದ ಸಿಗದಿದ್ದ ಕೊಲೆಗಾರನನ್ನು ಹಿಡಿದದ್ದು ಅವನ ದೂರದ ನೆಂಟರು ವಂಶ ಹುಡುಕಲು ಹಾಕಿದ್ದ ಡಿಎನ್‌ಎಯಿಂದ. ಕೊಲೆಗಾರ ಸಿಕ್ಕಿದ್ದು ಸಂತೋಷವೇ. ಆದರೆ ಪರೀಕ್ಷೆ ಮಾಡಿಸದವರೂ ನೆಂಟರ ಮೂಲಕ ಸಿಕ್ಕಿಬೀಳಬಹುದು ಅಂತ ಅಂದು ಲೋಕಕ್ಕೆ ಗೊತ್ತಾಯಿತು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಇದೆ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಡಿಎನ್‌ಎ ಮಾಹಿತಿಗೆ ಅಂತಲೇ ಬೇರೆ, ಬಿಗಿಯಾದ ರಕ್ಷಣೆ ಅದರಲ್ಲಿಲ್ಲ. ನನ್ನ ಮಟ್ಟಿಗೆ ಇದು ದೊಡ್ಡ ಕೊರತೆ. ಒಪ್ಪಿಗೆಯ ಸಹಿ ಒಬ್ಬರದು, ಬಯಲಾಗುವುದು ಇಡೀ ಮನೆತನದ್ದು.

ಅದಕ್ಕೇ ಮಾಡಿಸುವ ಮೊದಲು ಮನೆಯಲ್ಲಿ ಮಾತಾಡಿ. ಅಪ್ಪ ಅಂದುಕೊಂಡವರು ಅಪ್ಪ ಅಲ್ಲ ಅಂತ ಬಂದರೆ ಏನು ಮಾಡುತ್ತೀರಿ ಅಂತ ಮೊದಲೇ ಯೋಚಿಸಿ. ನೆಂಟರ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದನ್ನು ಬೇಡ ಅನ್ನಬಹುದು, ಸಂಶೋಧನೆಗೆ ಕೊಡುವುದನ್ನು ಬೇಡ ಅನ್ನಬಹುದು, ಮಾದರಿ ನಾಶ ಮಾಡಿ ಅಂತ ಕೇಳಬಹುದು. ಮನೆಯಲ್ಲಿ ಒಬ್ಬರೇ ಮಾಡಿಸುವುದಾದರೆ ಎಲ್ಲರಿಗಿಂತ ಹಿರಿಯರದ್ದು ಮಾಡಿಸಿ, ಅವರು ಪೂರ್ತಿ ತಿಳಿದು ಒಪ್ಪಿದರೆ ಮಾತ್ರ. ಅವರಲ್ಲಿ ಒಂದು ತಲೆಮಾರಿನಷ್ಟು ಹಳೇ ಡಿಎನ್‌ಎ ಜಾಸ್ತಿ ಇರುತ್ತದೆ. ವರದಿ ಬಂದ ಮೇಲೆ ಒಂದು ಅಂಕಿ ಹಿಡಿದು ಯಾರನ್ನೂ ಅನುಮಾನಿಸಬೇಡಿ. ನಮ್ಮ ಅಜ್ಜ ಮೂರು ವಾರ ಮೊಮ್ಮಗನ ಕಣ್ಣಲ್ಲಿ ತಪ್ಪಿತಸ್ಥರಾಗಿದ್ದರು, ಏನೂ ತಪ್ಪು ಮಾಡದೆ.

ದೊಡ್ಡಮ್ಮನಿಗೆ ಕೊನೆಗೆ ಎಲ್ಲ ಹೇಳಿದೆವು. ಎಂಜಲು ಕಳಿಸುವ ಸುದ್ದಿ ಕೇಳಿ ಮುಖ ಕಿವುಚಿದರು. ಆಮೇಲೆ ನಾನು ಫೋನ್ ಆನ್ ಮಾಡಿ ಅವರ ಮುಂದಿಟ್ಟು, ಅವ್ವನ ಅವ್ವನ ಹೆಸರು ಕೇಳಿದೆ. ಹೇಳಿದರು. ಅದರ ಹಿಂದಿನವಳ ಹೆಸರು ಸ್ವಲ್ಪ ಹೊತ್ತು ಕಣ್ಣುಮುಚ್ಚಿ ಕೂತು ಹೇಳಿದರು. ಅವಳ ತವರು ಹರಪನಹಳ್ಳಿ ಕಡೆಯ ಅದೇ ಊರು.

ಅಂದು ರಾತ್ರಿಯೇ ತಮ್ಮ ಆ ಹುಡುಗಿಗೆ ಎಲ್ಲ ಬರೆದ. ಡಿಸೆಂಬರ್‌ನಲ್ಲಿ ಬರುತ್ತೇನೆ, ಎಲ್ಲರೂ ಸೇರಿ ಆ ಊರಿಗೆ ಹೋಗೋಣ ಅಂತ ಉತ್ತರ ಬಂತು. ಕೆಳಗೆ ಇನ್ನೊಂದು ಸಾಲಿತ್ತು: ಜಗಳೂರಿನ ಹಿರಿಯರನ್ನು ನಾನು ಏನಂತ ಕರೆಯಬೇಕು?

'ಅತ್ತೆ' ಅಂತ ಬರೆದು ಕಳಿಸಿದ.